ಒಂದು ರಿಂಗ್ ಕೊಡೇ!

ನಿನ್ನೆ ಭಾನುವಾರ ಮಧ್ಯಾಹ್ನ ಮೂರೂವರೆಗೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಯಲ್ಲಿ, ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಹೀಟರ್ ಆರಿಸಿತ್ತು. ಪಾತ್ರೆ ತೊಳೆಯುವ ಮಿಷನ್ನನ್ನು ಅರ್ಧಕ್ಕೇ ನಿಲ್ಲಿಸಿತ್ತು. ಮಗನ ಕೈಯಿಂದ ಚಿಪ್ಸ್ ಪೊಟ್ಟಣ ಕಿತ್ತುಕೊಂಡಾಗಿತ್ತು, ಕುರುಂ ಕುರುಂ ಅನ್ನುತ್ತೆ ಅಂತ. ಅಮ್ಮನ ಫೋನು ಕಳೆದುಹೋಗಿತ್ತು.

ಫೋನು ಕಳೆದರೆ ಎಲ್ಲರ ಮನೆಯಲ್ಲೂ ಮಾಡುವುದು ಒಂದೇ, ಇನ್ನೊಂದು ಫೋನಿಂದ ರಿಂಗ್ ಕೊಡುವುದು. ಬೆಳಗಿನಿಂದ ಅಮ್ಮನದೂ ಅದೇ ರಾಗ. "ಒಂದು ರಿಂಗ್ ಕೊಡೇ, ಎಲ್ಲಿದ್ರೂ ಓ ಅನ್ನುತ್ತೆ." ಓ ಅನ್ನಲು ಅದಕ್ಕೆ ಈ ದೇಶದಲ್ಲಿ ಬಾಯೇ ಇಲ್ಲ.

ಅದು ನೋಕಿಯಾ 1100. 2003ರಲ್ಲಿ ಮಾರುಕಟ್ಟೆಗೆ ಬಂದು, ಲೋಕದ ತುಂಬ 25 ಕೋಟಿಗೂ ಹೆಚ್ಚು ಮಾರಾಟವಾದ ಮಾಡೆಲ್ಲು. ಅಮ್ಮನ ಪ್ರಕಾರ ಮಾತ್ರ ಇರುವುದು ಒಂದೇ, ಅದು ಅವಳ ಹತ್ತಿರ ಇದೆ. 2005ರಲ್ಲಿ ತಿಪಟೂರಿನಲ್ಲಿ ಕೊಂಡಿದ್ದು, ಮಾತಾಡಲಿಕ್ಕಲ್ಲ, ಟಾರ್ಚಿಗೆ. ನಮ್ಮ ಕಡೆ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಮಲಗಿರಬೇಕು. ಆ ಕತ್ತಲಲ್ಲಿ ಇಲಿ ಕೆಡಿಸಿದ್ದೆಷ್ಟು, ಕೊಳೆತದ್ದೆಷ್ಟು ಅಂತ ನೋಡಬೇಕಲ್ಲ. ಈ ಫೋನಿನ ನೆತ್ತಿಯ ಮೇಲೊಂದು ಪುಟ್ಟ ದೀಪ, 'ಸಿ' ಗುಂಡಿ ಒತ್ತಿದರೆ ಹತ್ತುತ್ತೆ. ಅದರಲ್ಲಿ ಮಾತೂ ಆಡಬಹುದು ಅನ್ನುವುದು ಅಮ್ಮನಿಗೆ ಕೊಸರು ಸಿಕ್ಕ ಹಾಗೆ.

ಅಮ್ಮ ಊರಿಂದ ಬಂದ ದಿನವೇ ನನ್ನ ಗಂಡ ವಿಷಯ ಬಿಡಿಸಿ ಹೇಳಿದ್ದ. "ಅತ್ತೆ, ಊರಿನ ಫೋನುಗಳು 900, 1800ರಲ್ಲಿ ಕೆಲಸ ಮಾಡ್ತವೆ. ಹಳೇ ಕಾಲದಲ್ಲೂ ಇಲ್ಲಿದ್ದದ್ದು 850, 1900. ಈಗಂತೂ ಇಷ್ಟು ಹಳೇದಕ್ಕೆ ಸಿಗ್ನಲ್ಲೇ ಕೊಡಲ್ಲ."

ಅಮ್ಮ ಒಂದು ಗಳಿಗೆ ಯೋಚಿಸಿ, "850ಕ್ಕೆ ಆಗೋದಾದ್ರೆ ಆಗಲಿ ಬಿಡಿ, ಐವತ್ತರಲ್ಲಿ ಏನಿದೆ," ಅಂದಳು. ಸಂತೆಯಲ್ಲಿ ಚೌಕಾಸಿ ಮಾಡಿ ಮಾಡಿ ಪಳಗಿದ ಜೀವ, ತರಂಗಾಂತರವನ್ನು ಬಿಡುತ್ತದೆಯೇ!

ಅಳಿಯ ಕೊಡಿಸಿದ ಐಫೋನಿಗೆ ಅಮ್ಮ ಇಟ್ಟ ಹೆಸರು 'ಆ ಗಾಜು'. ಒದ್ದೆ ಕೈಯಲ್ಲಿ ಮುಟ್ಟುವುದಿಲ್ಲ, ಒಣ ಕೈಯಲ್ಲೂ ಅಷ್ಟಕ್ಕಷ್ಟೆ. ತಂಗಿ ವಾಟ್ಸಾಪಿನಲ್ಲಿ ಕರೆದರೆ ಗಾಜನ್ನು ಅಂಗೈ ಮೇಲೆ ಮಲಗಿಸಿ, ಮಂಗಳಾರತಿ ತಟ್ಟೆಯ ಹಾಗೆ ಹಿಡಿದು, ಫ್ಯಾನಿಗೆ ಮುಖ ತೋರಿಸಿ ಮಾತಾಡುತ್ತಾಳೆ. ನೋಕಿಯಾ ಮಾತ್ರ ಕ್ರೋಶಾ ಚೀಲದಲ್ಲಿ ಕೊರಳಿಗೆ. ಹಿಂದಿನ ಮುಚ್ಚಳ ಸಡಿಲ, ಒಂದು ರಬ್ಬರ್ ಬ್ಯಾಂಡು ಅದನ್ನು ಹಿಡಿದುಕೊಂಡಿದೆ. ನನ್ನ ಮಗ ಮೊದಲ ದಿನ ಅದರ ಪರದೆಯನ್ನು ಎಡಕ್ಕೆ ಬಲಕ್ಕೆ ತೀಡಿ ತೀಡಿ, "ಅಜ್ಜಿ, ಇದು ಸತ್ತೋಗಿದೆ," ಅಂದ. ಹಾವಿನ ಆಟ ಸಿಕ್ಕ ಮೇಲೆ ಅದೇ ಹುಡುಗ ಅಜ್ಜಿಯ ಕಾಲೊತ್ತಲು ತಾನಾಗೇ ಬರತೊಡಗಿದ. ದರ ನಿಗದಿ: ಹತ್ತು ನಿಮಿಷ ಕಾಲು, ಒಂದು ಹಾವು.

ಆ ಫೋನಿಗೆ ಇಲ್ಲಿ ಉಳಿದಿರುವ ಮುಖ್ಯ ಉದ್ಯೋಗ ಅಲಾರಾಂ. ಗಡಿಯಾರ ಇನ್ನೂ ತಿಪಟೂರಿನದೇ. ಇಲ್ಲಿನ ಟೈಮಿಗೆ ಬದಲಾಯಿಸಿ ಕೊಡ್ತೀನಿ ಅಂದರೆ, "ಆರು ತಿಂಗಳಿಗೆ ಬಂದಿರೋದು, ಪಾಪ, ಅದಕ್ಯಾಕೆ ಹಿಂಸೆ," ಅಂದಳು. ಹಾಗಾಗಿ ಊರಿನ ಬೆಳಗಿನ ಐದು ಗಂಟೆಯ ಅಲಾರಾಂ, ಅಮ್ಮ ಬಂದ ಡಿಸೆಂಬರಿನಿಂದ, ನಮಗೆ ದಿನಾ ಮಧ್ಯಾಹ್ನ ಮೂರೂವರೆಗೆ. ಗಂಡನ ಆಫೀಸಿನವರೂ ಅದಕ್ಕೆ ಒಗ್ಗಿಹೋಗಿದ್ದಾರೆ. ಅದು ಕೂಗಿದರೆ ಮೀಟಿಂಗ್ ಮುಗಿಸುವ ಹೊತ್ತಾಯಿತು ಅಂತ ಲೆಕ್ಕ.

ಸರಿ, ನಿನ್ನೆ ಗಂಡನಿಗೇ ಹೊಳೆದದ್ದು. "ಈ ಫೋನು ಆಫ್ ಆಗಿದ್ರೂ ಅಲಾರಾಂ ಹೊಡೆಯುತ್ತೆ. ಮೂರೂವರೆ ತನಕ ಕಾಯೋಣ." ಅದಕ್ಕೇ ಈ ಕಾವಲು. ಅಮ್ಮ ದೇವರ ಮುಂದೆ, ಗಂಡ ಹಾಲಿನಲ್ಲಿ, ಮಗ ಮೆಟ್ಟಿಲ ಮೇಲೆ, ನಾನು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ. ಮೂರೂ ಇಪ್ಪತ್ತೊಂಬತ್ತು. ಮೂರೂವರೆ. ಗಂಡನ ಹೊಟ್ಟೆ ಗುರ್ ಅಂದಿತು, ಎಲ್ಲರೂ ಅತ್ತ ಓಡಿದೆವು. ಮೂರೂ ಮೂವತ್ತೈದು. ಇಲ್ಲ. ಹೆರಿಗೆ ವಾರ್ಡಿನ ಹೊರಗೂ ನಾನು ಇಷ್ಟು ಮೌನ ಕಂಡಿಲ್ಲ. ಮುಕ್ಕಾಲು ಗಂಟೆಯಾದಾಗ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿ, "ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಸಿರಲಿಲ್ಲ," ಅಂದಳು, ತೀರಿಹೋದವರ ಬಗ್ಗೆ ಹೇಳುವ ಧಾಟಿಯಲ್ಲೇ. ಹೊಸದು ಕೊಡಿಸ್ತೀನಿ ಅಂದೆ. ಅವಳು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ನಾಲ್ಕೂವರೆಗೆ, ಕಾವಲು ಬಿಟ್ಟು ಸ್ಕೂಟರ್ ತರಲು ಗರಾಜಿಗೆ ಹೋಗಿದ್ದ ಮಗ ಕಿರುಚಿದ. "ಅಜ್ಜೀ, ಫ್ರಿಜ್ಜು ಅಳ್ತಿದೆ!"

ಗರಾಜಿನ ಎರಡನೇ ಫ್ರಿಜ್ಜಿನ ಫ್ರೀಜರ್. ಒಳಗೆ ಬಟಾಣಿ, ಅವರೆಕಾಳು, ನುಗ್ಗೆಕಾಯಿ, ಅವುಗಳ ನಡುವೆ ಕಾಯಿತುರಿ ಪೊಟ್ಟಣಕ್ಕೆ ಒರಗಿಕೊಂಡು, ಮೈತುಂಬ ಹಿಮ ಹೊದ್ದು, ಸಣ್ಣಗೆ, ನೆಗಡಿಯಾದ ಕೋಳಿಮರಿಯ ಹಾಗೆ ಕೂಗುತ್ತಿತ್ತು. ಶನಿವಾರ ರಾತ್ರಿ ಚಟ್ನಿಗೆ ಕಾಯಿತುರಿ ಹುಡುಕಲು ಅಮ್ಮ ಟಾರ್ಚ್ ಹಿಡಿದು ಹೋಗಿದ್ದಳು. ಅಲ್ಲಿನ ದೀಪ ಕೆಟ್ಟು ವರ್ಷವಾಗಿದೆ, ಗಂಡ 'ಈ ವಾರ ಹಾಕ್ತೀನಿ' ಅನ್ನುತ್ತಲೇ ಇದ್ದಾನೆ. ಅಷ್ಟರಲ್ಲಿ ನಾನು ಸಾರು ಉಕ್ತಿದೆ ಅಂತ ಕೂಗಿದೆ. ಅಮ್ಮ ಓಡಿ ಬಂದಳು, ಫೋನು ಅಲ್ಲೇ ಕಾಯಿ ಕಾಯುತ್ತಾ ಕೂತಿತು. ತಿಪಟೂರಿನ ಅಟ್ಟದಲ್ಲೂ ಅದರ ಕೆಲಸ ಅದೇ ತಾನೆ.

ಒಂದು ಗಂಟೆ ತಡವಾಗಿ ಕೂಗಿದ್ದೇಕೆ? ನಿನ್ನೆ ಮಾರ್ಚ್ ತಿಂಗಳ ಎರಡನೇ ಭಾನುವಾರ. ಅಮೆರಿಕ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿತ್ತು. ನಮ್ಮ ಗಾಜುಗಳೆಲ್ಲ ನಮ್ಮನ್ನು ಕೇಳದೆಯೇ ಬದಲಾಗಿದ್ದವು. ಎರಡು ಎಂಜಿನಿಯರಿಂಗ್ ಪದವಿಯಿರುವ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅಡುಗೆಮನೆಯ ಓವನ್ನಿನ ಗಡಿಯಾರ ಮಾತ್ರ ಆಗ ಸರಿಯಾಗಿ ಮೂರೂವರೆ ತೋರಿಸುತ್ತಿತ್ತು. "ನಂದು ಸರಿಯಾಗೇ ಹೊಡೀತು. ನಿಮ್ಮ ದೇಶದ್ದೇ ತಪ್ಪಿದೆ, ತೋರಿಸ್ಕೊಳ್ಳಿ," ಅಂದಳು ಅಮ್ಮ. ಅಳಿಯಂದಿರು ಬಾಯಿ ತೆರೆದು ಮುಚ್ಚಿದರು.

ಯಾವುದೋ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸಿ, ಸೆರಗಿನಲ್ಲಿ ಸುತ್ತಿ ಹೊಟ್ಟೆಗವಚಿಕೊಂಡು ಕೂತಳು. ಪರದೆ ನಿಧಾನಕ್ಕೆ ಮೂಡಿತು. ಮೂಲೆಯಲ್ಲಿ ಪುಟ್ಟ ಲಕೋಟೆ ಮಿಣುಕುತ್ತಿತ್ತು. ಮೆಸೇಜಿಗೆ ಜಾಗ ತುಂಬಿದೆ ಅಂತ ಅರ್ಥ. ಅಳಿಸಿಕೊಡ್ತೀನಿ ಕೊಡು ಅಂತ ತೆಗೆದರೆ, ಹಬ್ಬದ ರೀಚಾರ್ಜ್ ಆಫರುಗಳನ್ನು ಬಿಟ್ಟರೆ ಉಳಿದದ್ದೆಲ್ಲ ನನ್ನವೇ, ಬೆಂಗಳೂರಿನ ಹಾಸ್ಟೆಲ್ ಕಾಲದವು. 'ಅಮ್ಮ 200 ಕರೆನ್ಸಿ ಹಾಕ್ಸು.' 'ಬಸ್ ಹತ್ತಿದೆ.' 'ಉಪ್ಪಿನಕಾಯಿ ಖಾಲಿ.' ಮತ್ತೊಂದು: 'ನನಗೆ ಸಿಟ್ಟು ಬಂದಿದೆ. ಫೋನ್ ಮಾಡಬೇಡ.' ಅಕ್ಷರ ಇಂಗ್ಲಿಷಿನವು, ಸಿಟ್ಟು ಶುದ್ಧ ಕನ್ನಡದ್ದು.

"ಇದನ್ನಾದ್ರೂ ಅಳಿಸ್ತೀನಮ್ಮ," ಅಂದೆ.

"ಬೇಡ ಕಣೆ, ಎಷ್ಟು ಚೆನ್ನಾಗಿ ಬರ್ದಿದೀಯ," ಅಂದಳು.

ಆಫರುಗಳನ್ನೂ ಅಳಿಸಲು ಬಿಡಲಿಲ್ಲ. ಪಾಪ, ಹಬ್ಬದ ದಿನ ನೆನೆಸ್ಕೊಂಡು ಬರೆದವರಂತೆ.

ತೇವ ಎಳೆಯಲಿ ಅಂತ ಫೋನನ್ನು ಸೋನಾ ಮಸೂರಿ ಡಬ್ಬದಲ್ಲಿ ಹೂತಿಟ್ಟು, ಕೊನೆಗೂ ಕಾಫಿಗೆ ಕೂತೆವು. ಎರಡು ಗುಟುಕು ಕುಡಿದಿಲ್ಲ, ಡಬ್ಬದೊಳಗಿಂದ ಮತ್ತೆ ಟೀಂ ಟೀಂ. ಅಮ್ಮ ಕೂತಲ್ಲಿಂದ ಏಳಲಿಲ್ಲ. ಲೋಟ ಕೆಳಗಿಡದೆ ಅಡುಗೆಮನೆಯತ್ತ ತಿರುಗಿ ಹೇಳಿದಳು:

"ಎದ್ದಿದೀನಿ ಕಣಪ್ಪಾ, ನೀನು ಮಲಕ್ಕೋ."