ಒಂಟಿ ಬಂದಿದೆ

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ಬಸ್ಸಿನಲ್ಲಿ ಒಂದು ಟಿಕೆಟ್ಟಿಗೆ ಎರಡು ಸೀಟು ಹಿಡಿಯುವವರು ಎರಡೇ ಜಾತಿ: ಹಲಸಿನ ಹಣ್ಣು ತಂದವರು, ಮತ್ತೆ ಸೋಲೋ. ಹಲಸಿನವರು ಕಂಡಕ್ಟರ್ ಗದರಿದರೆ ಹಣ್ಣನ್ನು ಕಾಲಡಿಗೆ ತಳ್ಳಿ ನಗುತ್ತಾರೆ. ಸೋಲೋನ ಚೀಲವನ್ನು ತಳ್ಳುವ ಹಾಗಿಲ್ಲ. ಅದರೊಳಗೆ ಕ್ಯಾಮೆರಾ, ಅದರ ಮೂರು ಕಾಲು, ಬಟ್ಟೆಯ ಉಯ್ಯಾಲೆ, ಒಲೆ, ಆ ಒಲೆಗೆ ಗಾಳಿ ತಾಗದ ಹಾಗೆ ಮಡಚುವ ತಗಡು, ನಾಲ್ಕು ಪವರ್ ಬ್ಯಾಂಕು ಇರುತ್ತವೆ. ಎಲ್ಲವನ್ನೂ ಬಿಟ್ಟು ಬಂದಿದ್ದೇನೆ ಎಂದು ಅವನು ಹೇಳುವುದು ಈ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ.

ಈ ಜೀವಿಯ ಜೊತೆ ನನಗೆ ವ್ಯವಹಾರ ಸಂಬಂಧ ಉಂಟು. ಚೇರಂಬಾಣೆಯ ಆಚೆ ನನ್ನ ಚಿಕ್ಕಮ್ಮನ ಮನೆ. ಆರು ಎಕರೆ ಕಾಫಿ, ಒಂದು ಕೆರೆ, ಒಂದು ಮುದಿ ನಾಯಿ. ಚಿಕ್ಕಪ್ಪ ಹೋಗಿ ಒಂಬತ್ತು ವರ್ಷವಾಯಿತು. ಮಗಳು ಮೆಲ್ಬರ್ನಿನಲ್ಲಿ, ಮಗ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಇಬ್ಬರಲ್ಲಿ ಯಾರು ಹೆಚ್ಚು ದೂರ ಎಂದು ಹೇಳುವುದು ಕಷ್ಟ. ಮಕ್ಕಳ ಎರಡು ಕೋಣೆಗಳನ್ನು ಚಿಕ್ಕಮ್ಮ ಹೋಂಸ್ಟೇ ಮಾಡಿದ್ದಾರೆ. ಫೋನಿಗೆ ಉತ್ತರ ಕೊಡುವುದು ಮಡಿಕೇರಿಯಲ್ಲಿರುವ ನಾನು.

ಸೋಲೋಗಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ಅಲ್ಲಿ ಜನ ಜಾಸ್ತಿ ಇರಲ್ಲ ಅಲ್ವಾ?” ಇದಕ್ಕೆ ನನ್ನ ಹತ್ತಿರ ಸರ್ಕಾರಿ ಉತ್ತರವೇ ಇದೆ. 2011ರ ಜನಗಣತಿಯ ಪ್ರಕಾರ ಇಡೀ ಕೊಡಗಿನಲ್ಲಿ 5,54,519 ಜನ, ಕರ್ನಾಟಕದಲ್ಲೇ ಅತಿ ಕಡಿಮೆ. ಚಿಕ್ಕಮ್ಮನ ಗೇಟಿನ ಒಳಗೆ ಒಬ್ಬರು. ಆ ಒಬ್ಬರು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಮಾತಾಡುತ್ತಾರೆ ಎಂಬುದನ್ನು ಮಾತ್ರ ಮುಂಗಡ ಹಣ ಬರುವ ಮೊದಲು ನಾನು ಹೇಳುವುದಿಲ್ಲ.

ಚಿಕ್ಕಮ್ಮನಿಗೆ ಅತಿಥಿಗಳಲ್ಲಿ ಮೂರು ಬಗೆ. ಗಂಡ ಹೆಂಡತಿ ಬಂದರೆ ‘ಜೋಡಿ’. ಆರೇಳು ಹುಡುಗರು ಸ್ಪೀಕರ್ ಸಮೇತ ಬಂದರೆ ‘ಹಿಂಡು’. ಸೋಲೋ ಬಂದರೆ ‘ಒಂಟಿ’. ತನಗಿಂತ ಚಿಕ್ಕವರನ್ನೆಲ್ಲ ಪ್ರೀತಿಯಿಂದ ನಪುಂಸಕಲಿಂಗಕ್ಕೆ ಇಳಿಸುವುದು ಅವರ ರೂಢಿ. ಮಗ ಊರಿಗೆ ಬಂದಾಗಲೂ “ಅದು ಬಂತು, ಮಲಗಿದೆ” ಎಂದೇ ಹೇಳುವುದು. ಈ ವ್ಯಾಕರಣ ಒಂದು ದಿನ ಏನು ಮಾಡಿತು ಎಂದು ಮುಂದೆ ಹೇಳುತ್ತೇನೆ.

ನಾನು ಹೇಳಹೊರಟ ಒಂಟಿ ಬಂದದ್ದು ಆಗಸ್ಟಿನ ಮೊದಲ ಶುಕ್ರವಾರ. ಮಡಿಕೇರಿ ಸಂತೆಯ ದಿನ. ಚಿಕ್ಕಮ್ಮನಿಗೆ ಒಣಮೀನು, ಈರುಳ್ಳಿ ಹೊತ್ತುಕೊಂಡು ನಾನೂ ಅದೇ ಬಸ್ಸಿನಲ್ಲಿದ್ದೆ. ಮೂವತ್ತರ ಆಸುಪಾಸಿನ ಹುಡುಗ; ಕೆಲಸ ಬೆಂಗಳೂರಿನಲ್ಲಿ, ಮನಸ್ಸು ಬೇರೆಲ್ಲೋ. ಹಿಂದಿನ ವರ್ಷ ಕಾಶ್ಮೀರದ ಸರೋವರಗಳಿಗೆ ಹೋಗಿದ್ದನಂತೆ. ವಿಷನ್‌ಸರ್, ಗಂಗಾಬಲ್, ಎಲ್ಲ 3,500 ಮೀಟರಿಗಿಂತ ಮೇಲೆ. “ಸೋಲೋ?” ಎಂದೆ. “ಸೋಲೋನೇ. ಗ್ರೂಪಲ್ಲಿ ಹತ್ತೊಂಬತ್ತು ಜನ ಇದ್ವಿ. ಅಡುಗೆಯವರು, ಕುದುರೆಯವರು ಬೇರೆ.” ಆಮೇಲೆ ಕಿಟಕಿಯ ಆಚೆಯ ಮಂಜನ್ನು ನೋಡುತ್ತ ಕೇಳಿದ: “ಇಲ್ಲಿ ಆಲ್ಪೈನ್ ಲೇಕ್ ಯಾವುದಿದೆ?”

ನಾನು ನಿಜ ಹೇಳಬೇಕಾಯಿತು. ಅಂಥ ಸರೋವರ ಕೊರೆಯಲು ಹಿಮನದಿ ಬೇಕು. ನಮ್ಮ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್. ಅಲ್ಲಿ ಬೀಳುವ ಹಿಮವೆಂದರೆ ಬೆಳಗಿನ ಇಬ್ಬನಿ. ಬೆಟ್ಟದ ನೆತ್ತಿಯಲ್ಲಿ ಬರೀ ಹುಲ್ಲು, ಸಂದುಗಳಲ್ಲಿ ಮಾತ್ರ ಶೋಲಾ ಕಾಡು ಇರುವುದರಿಂದ ಫೋಟೋದಲ್ಲಿ ಸ್ವಿಟ್ಜರ್ಲೆಂಡಿನ ಹಾಗೆ ಕಾಣುತ್ತದೆ, ಅಷ್ಟೇ. ಕೆರೆಯೇ ಬೇಕಾದರೆ ಸೋಮವಾರಪೇಟೆ ಬಳಿ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಉಂಟು. ನೀರು ನಿಲ್ಲಲೆಂದು ಬಲಿಯಾದ ಹೊನ್ನಮ್ಮನ ಕಥೆ ಉಂಟು, ಗೌರಿ ಹಬ್ಬಕ್ಕೆ ಬಾಗಿನ ಬಿಡುತ್ತಾರೆ ಎಂದೆಲ್ಲ ವಿವರಿಸಿದೆ. “ಹಬ್ಬ ಅಂದ್ರೆ ಜನ ಬರ್ತಾರಾ?” ಎಂದು ಕೇಳಿ ಆ ಕೆರೆಯನ್ನು ಅವನು ಪಟ್ಟಿಯಿಂದ ತೆಗೆದುಹಾಕಿದ.

ಇಳಿದ ಮೇಲೆ ಇನ್ನೊಂದು ನಿರಾಸೆ. ಬಸ್ಸು ಹೋದದ್ದೇ ತಡ ಸುತ್ತ ನೋಡಿ, “ಹಳ್ಳಿ ಎಲ್ಲಿ?” ಎಂದ. ನೀವು ನಿಂತಿರುವುದೇ ಹಳ್ಳಿ ಎಂದೆ. ನಂಬಲಿಲ್ಲ. ಹಳ್ಳಿ ಎಂದರೆ ಒಂದು ಬೀದಿ, ಎರಡು ಸಾಲು ಮನೆ, ಕಟ್ಟೆಯ ಮೇಲೆ ಹುಕ್ಕಾ ಸೇದುವ ಅಜ್ಜ ಎಂಬ ಚಿತ್ರ ಅವನ ತಲೆಯಲ್ಲಿತ್ತು. ನಮ್ಮಲ್ಲಿ ಬೀದಿಯೇ ಇಲ್ಲ. ಒಬ್ಬೊಬ್ಬರ ಮನೆ ಅವರವರ ತೋಟದ ನಡುವೆ, ಒಂದರಿಂದ ಇನ್ನೊಂದಕ್ಕೆ ಕೂಗಿದರೆ ಕೇಳದಷ್ಟು ದೂರ. ಊರು ಒಟ್ಟಾಗಿ ಕಾಣಬೇಕಾದರೆ ಸಂತೆಗೋ ಮದುವೆಗೋ ಸಾವಿಗೋ ಹೋಗಬೇಕು. ಎಷ್ಟೋ ತಲೆಮಾರಿನಿಂದ ನಾವೆಲ್ಲ ಸೋಲೋಗಳೇ. ಅದಕ್ಕೇ ನಮ್ಮ ಮದುವೆಗಳಲ್ಲಿ ಅಷ್ಟು ಗಲಾಟೆ.

ಚಿಕ್ಕಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಒಂಟಿ ಬಂದು “ನಮಸ್ತೆ ಆಂಟಿ” ಎಂದ. ಬೆಲ್ಲದ ಕಾಫಿ ಕೊಟ್ಟರು, ಹಾಲಿಲ್ಲದ್ದು, ಕುಡಿದ. ಅಕ್ಕಿ ರೊಟ್ಟಿಗೆ ಕೈ ಚಾಚಲಿಲ್ಲ. ದಿನಕ್ಕೆ ಹದಿನಾರು ಗಂಟೆ ಏನೂ ತಿನ್ನುವುದಿಲ್ಲವಂತೆ. ಚಿಕ್ಕಮ್ಮ ನನ್ನನ್ನು ಒಳಗೆ ಕರೆದು, “ಪಾಪ, ಮನೆಯಲ್ಲಿ ಏನಾದರೂ ಆಗಿದೆಯಾ ಇದಕ್ಕೆ?” ಎಂದು ಕೇಳಿದರು.

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಕೆರೆ ನೋಡುವ ಕಾರ್ಯಕ್ರಮ. ಇದು ತೋಟದ ಕೆರೆ. ಚಿಕ್ಕಪ್ಪ ಜೆಸಿಬಿ ತರಿಸಿ ತೋಡಿಸಿದ್ದು. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಇದರ ನೀರನ್ನೇ ಡೀಸೆಲ್ ಇಂಜಿನ್ನಿನಿಂದ ಎಳೆದು ಸ್ಪ್ರಿಂಕ್ಲರಿನಲ್ಲಿ ಹಾರಿಸಿ ಕಾಫಿಗೆ ಸುಳ್ಳು ಮಳೆ ತೋರಿಸುತ್ತೇವೆ. ಗಿಡ ನಂಬಿ ಹೂ ಬಿಡುತ್ತದೆ. ಮೂರು ಕಡೆ ಸಿಲ್ವರ್ ಓಕ್, ಹಿಂದೆ ಗುಡ್ಡ, ಮೇಲೆ ಮಂಜು. ಒಂಟಿ ಅಲ್ಲಿ ನಿಂತು ಕೈಯಿಂದ ಚೌಕ ಮಾಡಿ ನೋಡಿದ. ಎರಡು ಹೆಜ್ಜೆ ಎಡಕ್ಕೆ ಸರಿದ, ಇಂಜಿನ್ನಿನ ಶೆಡ್ಡು ಮರೆಯಾಯಿತು. ಒಂದು ಹೆಜ್ಜೆ ಮುಂದೆ ಹೋದ, ಗೊಬ್ಬರದ ಚೀಲಗಳೂ ಹೋದವು. “ಪರ್ಫೆಕ್ಟ್” ಎಂದ. ತಗಡಿನ ಶೆಡ್ಡಿಗೂ ಆಲ್ಪ್ಸಿಗೂ ನಡುವೆ ಇರುವ ಅಂತರ ಮೂರು ಹೆಜ್ಜೆ ಎಂದು ನನಗೆ ಗೊತ್ತಾದದ್ದು ಅವತ್ತು.

ಅವನ ಮೂರು ಕಾಲು ಕೆಸರಿನಲ್ಲಿ ನಿಲ್ಲಲಿಲ್ಲ. ಹಾಗಾಗಿ ಮಂಜಿನಲ್ಲಿ ಒಬ್ಬನೇ ನಿಂತವನ ಬೆನ್ನಿನ ಫೋಟೋವನ್ನು ತೆಗೆದವನು ನಾನು. ಒಂದಲ್ಲ, ಹದಿನಾಲ್ಕು. ಚಿಕ್ಕಮ್ಮ ಬದಿಯಲ್ಲಿ ಹೂವಿನ ಕೊಡೆ ಹಿಡಿದು ನಿಂತು ಮಾತಾಡುತ್ತಲೇ ಇದ್ದರು. “ಆಂಟಿ, ಸ್ವಲ್ಪ ಆ ಕಡೆ” ಎಂದು ಅವನು ಹೇಳಿದಷ್ಟು ಸಲ ಸರಿದರು, ಮಾತು ಸರಿಯಲಿಲ್ಲ. ಮನೆಗೆ ಬಂದು ಬೂಟು ಬಿಚ್ಚಿದಾಗ ಅವನ ಜೊತೆ ಏಳು ಜಿಗಣೆಗಳು ಬಂದಿದ್ದವು. ಸುಣ್ಣ, ಹೊಗೆಸೊಪ್ಪು ಹಚ್ಚಿ ಬಿಡಿಸುತ್ತ ಚಿಕ್ಕಮ್ಮ, “ಒಬ್ಬನೇ ಬಂದದ್ದು ಅಂದಿಯಲ್ಲ ಮಗಾ” ಎಂದರು. ಅಷ್ಟರಲ್ಲಿ ‘ನೀವು’ ಹೋಗಿ ‘ನೀನು’ ಬಂದಿತ್ತು.

ಮಧ್ಯಾಹ್ನ ಕರೆಂಟು ಹೋಯಿತು. ಒಂಟಿ ಜಗಲಿಯಲ್ಲಿ ಕೂತು ಪುಸ್ತಕ ತೆಗೆದ. ಥೋರೋ ಬರೆದ ‘ವಾಲ್ಡನ್’. ಇಪ್ಪತ್ತೊಂದನೇ ಪುಟದಲ್ಲಿ ಕಾಶ್ಮೀರದ ಬೋರ್ಡಿಂಗ್ ಪಾಸು ಸಿಕ್ಕಿಸಿದ್ದು ಹಾಗೇ ಇತ್ತು. ಚಿಕ್ಕಮ್ಮ ಅಕ್ಕಿ ಆರಿಸುತ್ತ ಎದುರಿಗೆ ಕೂತರು.

“ಎಂಥ ಕಥೆ ಅದು?”

“ಅಮೆರಿಕದಲ್ಲಿ ಒಬ್ಬ ಇದ್ದ ಆಂಟಿ. 1845ರಲ್ಲಿ ಎಲ್ಲ ಬಿಟ್ಟು, ಒಂದು ಕೆರೆ ಹತ್ತಿರ ಗುಡಿಸಲು ಕಟ್ಕೊಂಡು, ಎರಡು ವರ್ಷ ಒಬ್ಬನೇ ಇದ್ದ.”

“ಜಾಗ ಯಾರದ್ದು? ಜಮ್ಮಾವಾ, ಪೈಸಾರಿಯಾ?”

ಒಂಟಿ ನನ್ನ ಮುಖ ನೋಡಿದ. ವಂಶದ ಜಮೀನೋ, ಸರ್ಕಾರದ್ದೋ ಎಂದು ಕೇಳುತ್ತಿದ್ದಾರೆ ಎಂದೆ.

“ಅವನ ಫ್ರೆಂಡ್ ಎಮರ್ಸನ್ ಅನ್ನೋರದ್ದು.”

“ಕಂದಾಯ ಕಟ್ಟಿದ್ದು ಯಾರು?” ಉತ್ತರವಿಲ್ಲ. “ಹೋಗಲಿ, ಊರು ಎಷ್ಟು ದೂರ ಇತ್ತು?”

“ಒಂದೂವರೆ ಮೈಲಿ.”

“ಅವನ ಅಮ್ಮನ ಮನೆ?”

“ಅದೇ ಊರಲ್ಲಿ.”

“ಹಾಗಾದರೆ ಊಟಕ್ಕೆ ಮನೆಗೆ ಹೋಗ್ತಿತ್ತು ಬಿಡು ಅದು” ಎಂದು ಚಿಕ್ಕಮ್ಮ ಕಲ್ಲೊಂದನ್ನು ಅಂಗಳಕ್ಕೆ ಎಸೆದರು. ಥೋರೋನನ್ನು ಆಡಿಕೊಳ್ಳುವವರು ಬಹಳ ಕಾಲದಿಂದ ಇದನ್ನೇ ಹೇಳುತ್ತ ಬಂದಿದ್ದಾರೆ. ಅವರೆಲ್ಲ ಪುಸ್ತಕ ಓದಿ ಹೇಳಿದ್ದು.

ರಾತ್ರಿ ಮಳೆ ಜೋರಾಯಿತು. ಅವನ ಕೋಣೆಯಿಂದ ಏನೋ ಸದ್ದು ಕೇಳುತ್ತಿದೆಯಲ್ಲ ಎಂದು ಬಾಗಿಲು ತಟ್ಟಿದರೆ, ನಿದ್ದೆ ಬರಲೆಂದು ಫೋನಿನಲ್ಲಿ ಮಳೆಯ ಶಬ್ದ ಹಾಕಿಕೊಂಡಿದ್ದ. ಹೊರಗಿನದು ಸಮನಾಗಿ ಬರುವುದಿಲ್ಲವಂತೆ, ನಡುನಡುವೆ ಹೆಂಚಿನ ಮೇಲೆ ಗೇರ್ ಬದಲಾಯಿಸುತ್ತದಂತೆ. ಚಿಕ್ಕಮ್ಮನೂ ಎದ್ದಿದ್ದರು. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿದ ಮೇಲೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದ ಮೇಲೆ, ಮಳೆ ಗೇರ್ ಬದಲಾಯಿಸಿದಾಗಲೆಲ್ಲ ಅವರು ಟಾರ್ಚು ಹಿಡಿದು ಮನೆಯ ಹಿಂದಿನ ಬರೆಗೆ ಬೆಳಕು ಬಿಟ್ಟು ನೋಡಿ ಬರುತ್ತಾರೆ. ಬೆಳಿಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದರು: ನಾಲ್ಕು ಇಂಚು ಇಪ್ಪತ್ತು ಸೆಂಟು. ಒಂಟಿ, “ಜಾಗ ಮಾರ್ತಿದ್ದೀರಾ ಆಂಟಿ?” ಎಂದು ಕೇಳಿದ. ಅಳತೆ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು. ಕೊಡಗಿನ ಬೆಳೆಗಾರರಿಗೆ ಮಾತ್ರ ಮಳೆ ಇನ್ನೂ ಇಂಚು ಸೆಂಟಿನಲ್ಲೇ ಬೀಳುವುದು.

ಅವತ್ತು ಭಾನುವಾರ, ಆಟಿ ಹದಿನೆಂಟು. ಕೊಡವರು ಕಕ್ಕಡ ಹದಿನೆಂಟು ಎನ್ನುತ್ತಾರೆ, ಇಂಗ್ಲಿಷ್ ಲೆಕ್ಕದಲ್ಲಿ ಆಗಸ್ಟ್ 3ರ ಆಸುಪಾಸು. ಮದ್ದು ಸೊಪ್ಪಿಗೆ ಅವತ್ತು ಹದಿನೆಂಟು ಬಗೆಯ ಔಷಧಿಯ ಗುಣ ಬಂದು ಸೇರುತ್ತದೆಂಬ ನಂಬಿಕೆ. ಆ ಸೊಪ್ಪನ್ನು ಕುದಿಸಿದರೆ ನೇರಳೆ ಬಣ್ಣದ, ಘಮಘಮಿಸುವ ರಸ ಬಿಡುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ. ಸಂಜೆ ಪಾಯಸ ಒಲೆಯ ಮೇಲಿದ್ದಾಗ ಚಿಕ್ಕಮ್ಮ ರೇಂಜು ಸಿಗುವ ಕಲ್ಲಿನ ಮೇಲೆ ನಿಂತು ಮಗಳಿಗೆ ಒಂದು ಮೆಸೇಜು ಹಾಕಿದರು. ಹಾಕಿದ್ದು ಮನೆಯ ಗ್ರೂಪಿಗೆ ಎಂದುಕೊಂಡಿದ್ದರು. ಹೋದದ್ದು ಊರಿನ ಆನೆ ಗ್ರೂಪಿಗೆ.

“ಒಂಟಿ ಬಂದಿದೆ. ಗಂಡು. ಶುಕ್ರವಾರದಿಂದ ಇಲ್ಲೇ ಉಂಟು. ಕೆರೆಯ ಹತ್ತಿರ ಸುಮ್ಮನೆ ನಿಲ್ಲುತ್ತದೆ. ಏನು ಕೊಟ್ಟರೂ ಸರಿಯಾಗಿ ತಿನ್ನುವುದಿಲ್ಲ. ನನಗೆ ಭಯ ಇಲ್ಲ, ಪಾಪ ಅನ್ನಿಸುತ್ತದೆ.”

ಹಲಸು ಹಣ್ಣಾದ ಕಾಲ. ಹೊರಗಿನವರಿಗೆ ಒಂಟಿ ಎಂದರೆ ಒಂಟಿತನ ನೆನಪಾಗಬಹುದು, ನಮ್ಮ ಕಡೆ ನೆನಪಾಗುವುದು ಒಂಟಿಸಲಗ. ಮುಕ್ಕಾಲು ಗಂಟೆಯಲ್ಲಿ ಎರಡು ಜೀಪು, ಐದು ಬೈಕು, ಫಾರೆಸ್ಟಿನವರು ಮೂವರು, ಎರಡು ತೋಟದಾಚೆಯಿಂದ ಕೋವಿ ಸಮೇತ ಒಬ್ಬರು ಮಾವ. ನಮಗೆ ವಿಷಯ ಗೊತ್ತಾದದ್ದು ಕೆರೆಯ ಕಡೆ ಮೊದಲ ಗರ್ನಾಲು ಸಿಡಿದಾಗ. ಒಂಟಿ ಆ ಹೊತ್ತಿಗೆ ಅಲ್ಲೇ ಬಟ್ಟೆಯ ಉಯ್ಯಾಲೆ ಕಟ್ಟಿಕೊಂಡು, ಕಣ್ಣು ಮುಚ್ಚಿ ಉಸಿರು ಎಣಿಸುತ್ತಿದ್ದ. ಎರಡು ಸಿಲ್ವರ್ ಓಕಿನ ನಡುವೆ ದೊಡ್ಡದೇನೋ ತೂಗಾಡುತ್ತಿದೆ ಎಂದು ಟಾರ್ಚುಗಳೆಲ್ಲ ಅತ್ತ ತಿರುಗಿದವು. ಅವನು ಕಾಫಿ ಗಿಡಗಳ ನಡುವೆ ಓಡಿ ಬಂದ ರೀತಿ ನೋಡಿ ಫಾರೆಸ್ಟಿನವರೊಬ್ಬರು ಕೊನೆಯ ತನಕ, “ಮರಿಯಾನೆ ಇರಬೇಕು ಅಂದುಕೊಂಡೆ” ಎನ್ನುತ್ತಿದ್ದರು.

ಬಂದವರನ್ನು ಹಾಗೇ ಕಳಿಸುವುದುಂಟೇ? ಹದಿನೇಳು ಜನ ಜಗಲಿಯಲ್ಲಿ ಕೂತರು. ಚಿಕ್ಕಪ್ಪ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಚಪ್ಪಲಿ ಒಟ್ಟಿಗೆ ನಾನು ಕಂಡಿರಲಿಲ್ಲ. ಚಿಕ್ಕಮ್ಮ ಹಂದಿ ಸಾರಿನ ಪಾತ್ರೆಗೆ ನೀರು ಸೇರಿಸಿದ್ದನ್ನು ಕಂಡೂ ಕಾಣದ ಹಾಗೆ ಇದ್ದೆ. ಒಂಟಿಗೆ ನಡುವಿನ ಜಾಗ. ಯಾವ ಕಂಪನಿ, ಸಂಬಳ ಎಷ್ಟು, ಮದುವೆ ಯಾಕಿಲ್ಲ ಎಂದು ಮಾವ ಕೋವಿಯನ್ನು ಗೋಡೆಗೆ ಒರಗಿಸಿ ವಿಚಾರಣೆ ಶುರು ಮಾಡಿದರು. ಅವನ ಹದಿನಾರು ಗಂಟೆ ಎಲ್ಲಿ ಹೋಯಿತೋ, ಪಾಯಸ ಮೂರು ಲೋಟ ಕುಡಿದ. ಹನ್ನೊಂದಕ್ಕೆ ಅವನೇ ಕಾಶ್ಮೀರದ ಕುದುರೆಯ ಕಥೆ ಹೇಳುತ್ತಿದ್ದ, ನಿಂತುಕೊಂಡು, ಕೈಕಾಲು ಆಡಿಸಿ.

ಆಟಿ ಪಾಯಸ ಕುಡಿದವರಿಗೆ ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಇಲ್ಲಿನ ಮಕ್ಕಳಿಗೂ ಗೊತ್ತು. ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಸೋಮವಾರ ಐದೂವರೆಗೆ ಬಚ್ಚಲಮನೆಯಿಂದ ಬಂದ ಕೂಗಿಗೆ ಮುದಿ ನಾಯಿ ಎದ್ದು ನಿಂತಿತು. ಅವನು ಟವಲಿನಲ್ಲೇ ರೇಂಜಿನ ಕಲ್ಲು ಹತ್ತಿ ಅಮ್ಮನಿಗೆ, ಅಕ್ಕನಿಗೆ, ಒಬ್ಬ ಡಾಕ್ಟರ್ ಗೆಳೆಯನಿಗೆ, ಆಫೀಸಿನ ಮ್ಯಾನೇಜರಿಗೆ ಫೋನು ಮಾಡಿ, ತಾನು ಕಾಡಿನ ನಡುವೆ ಒಬ್ಬನೇ ಸಾಯುತ್ತಿದ್ದೇನೆ ಎಂದು ತಿಳಿಸಿದ. ಚಿಕ್ಕಮ್ಮ ಕಲ್ಲಿನ ಕೆಳಗೆ ಕೊಡೆ ಹಿಡಿದು, “ಅದು ಪಾಯಸ ಮಗಾ, ಪಾಯಸ” ಎಂದು ನಾಲ್ಕು ಸಲ ಹೇಳಿದ ಮೇಲೆ ಇಳಿದ. ಬಸ್ಸು ಬಂದಾಗ ಚೀಲದಲ್ಲಿ ಒಂದು ಹಲಸಿನ ಹಣ್ಣೂ ಇತ್ತು. ಎರಡು ಸೀಟು ಹಿಡಿಯಲು ಈಗ ಅವನಿಗೆ ಎರಡೂ ಬಗೆಯ ಹಕ್ಕು.

ಬುಧವಾರ ಅವನು ಹಾಕಿದ ಫೋಟೋ ನನ್ನ ಫೋನಿಗೆ ಬಂತು. ಮಂಜು, ಸಿಲ್ವರ್ ಓಕ್, ಅಲುಗದ ನೀರು, ಒಂದು ಬೆನ್ನು. ಕೆಳಗೆ ಬರೆದಿದ್ದ: ಮೂರು ದಿನ. ನಾನು ಮತ್ತು ಮೌನ. ಚೆನ್ನಾಗಿಯೇ ಇತ್ತು, ತೆಗೆದವನು ನಾನಲ್ಲವೇ. ಚಿಕ್ಕಮ್ಮನಿಗೆ ತೋರಿಸಲು ಹೋದಾಗ ಕನ್ನಡಕ ಏರಿಸಿ, ಎರಡು ಬೆರಳಿನಿಂದ ಹಿಗ್ಗಿಸಿ, ಬಹಳ ಹೊತ್ತು ನೀರನ್ನೇ ನೋಡಿದರು. ಚೌಕಟ್ಟಿನಿಂದ ಅವರನ್ನು ಆಚೆ ಸರಿಸಿದ್ದೆವು, ನೀರಿನೊಳಗಿಂದ ಸರಿಸುವುದು ಮರೆತಿತ್ತು. ಹೂವಿನ ಕೊಡೆ ತಲೆಕೆಳಗಾಗಿ, ಅದರಡಿ ಚಿಕ್ಕಮ್ಮ, ಬಾಯಿ ತೆರೆದೇ ಇತ್ತು.

“ಏನು ಹೇಳ್ತಾ ಇದ್ದೆ ನಾನು ಆಗ?” ಎಂದು ಕೇಳಿದರು.

“ಮಳೆ ಲೆಕ್ಕ ಇರಬೇಕು.”

“ಅಲ್ಲ. ಅಲ್ಲಿ ಪಾಚಿ ಉಂಟು, ಜಾರ್ತದೆ, ಒಬ್ಬನೇ ನಿಲ್ಲಬೇಡ ಅಂತ.”