ಕ್ಷೇತ್ರರಹಿತ ಕೃಷಿ: ಒಂದು ಶಾಸ್ತ್ರೀಯ ವಿವೇಚನೆ

ಬೇಸಾಯಕ್ಕೆ ಭೂಮಿ ಬೇಕೆಂಬ ಪ್ರಾಚೀನ ಭ್ರಮೆಯನ್ನು ತೊಡೆದುಹಾಕಿದ ಕೀರ್ತಿ ತಮಿಳುನಾಡಿಗೆ ಸಲ್ಲಬೇಕೆಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯ ಇರಲಾರದು. ‘ಕೃಷಿ ಪರಾಶರ’ವು ಮಳೆ, ಎತ್ತು, ನೇಗಿಲು, ಬಿತ್ತನೆಗಳನ್ನು ಕುರಿತು ವಿಸ್ತಾರವಾಗಿ ಹೇಳಿಯೂ ಪಾಸ್‌ವರ್ಡಿನ ಬಗ್ಗೆ ಮೌನ ವಹಿಸಿರುವುದು ಆ ಗ್ರಂಥದ ದೊಡ್ಡ ಕೊರತೆ, ಅದನ್ನು 2020ರಲ್ಲಿ ಕಳ್ಳಕುರಿಚಿ, ವಿಳುಪ್ಪುರಂ, ಕಡಲೂರುಗಳಿಂದ ಹಿಡಿದು ಚೆನ್ನೈ ಮಗ್ಗುಲಿನ ಚೆಂಗಲ್ಪಟ್ಟಿನವರೆಗಿನ ಕಂಪ್ಯೂಟರ್ ಸೆಂಟರುಗಳು ತುಂಬಿಕೊಟ್ಟವು.

ಈ ಕೃಷಿಯ ಏಕೈಕ ಬೆಳೆಗೆ ‘ಕಂತು’ ಎಂದು ಹೆಸರು. ಜಮೀನುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಯನ್ನು ನಾಲ್ಕು ತಿಂಗಳಿಗೊಮ್ಮೆ 2,000ದಂತೆ ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ, 2019ರ ಫೆಬ್ರುವರಿಯಲ್ಲಿ ಚಾಲನೆ ಪಡೆದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯೇ ಇದರ ಮೂಲ. ಕಾವೇರಿ ಬಯಲಿನ ಕುರುವೈ, ಸಾಂಬಾ, ತಾಳಡಿ ಎಂಬ ಮೂರು ಭತ್ತದ ಬೆಳೆಗಳು ಮೇಟ್ಟೂರು ಅಣೆಕಟ್ಟೆಯ ಬಾಗಿಲು ಜೂನ್ 12ಕ್ಕೆ ತೆರೆಯುವುದೋ ಇಲ್ಲವೋ ಎಂದು ಕರ್ನಾಟಕದ ಕಡೆಗೆ ಮುಖಮಾಡಿ ಕಾಯುತ್ತವೆ. ಕಂತಾದರೋ ಯಾವ ನ್ಯಾಯಮಂಡಳಿಯ ತೀರ್ಪಿಗೂ ಕಾಯದೆ ಮೊಬೈಲಿನಲ್ಲಿ ಟಿಂಗೆಂದು ತೆನೆಗಟ್ಟುತ್ತದೆ.

ಸಾಗುವಳಿಯ ಕ್ರಮ ಸರಳವಾದುದು. ಕೃಷಿ ಇಲಾಖೆಯ ಅಧಿಕಾರಿಗಳ ಲಾಗಿನ್ ದಲ್ಲಾಳಿಯ, ಅಂದರೆ ಈ ಶಾಸ್ತ್ರದಲ್ಲಿ ‘ಉತ್ತಮ ಕೃಷಿಕ’ನ, ಕೈಸೇರಬೇಕು; ಆಮೇಲೆ ಊರಿನ ಬಡವರಿಂದ ಆಧಾರ್ ಕಾರ್ಡನ್ನೂ ಪಾಸ್‌ಬುಕ್ಕನ್ನೂ ಸಂಗ್ರಹಿಸಿ, ಇದು ಕೊರೊನಾ ಪರಿಹಾರದ ಹಣವೆಂದು ನಂಬಿಸಿ, ಯೋಜನೆಯ ಪಟ್ಟಿಗೆ ಹೆಸರು ಸೇರಿಸಿ, ಬಂದುದರಲ್ಲಿ ಪಾಲು ಹಿಡಿಯಬೇಕು. ಲಾಕ್‌ಡೌನಿನಲ್ಲಿ ಪರಿಶೀಲನೆ ಸಡಿಲವಾದದ್ದು ಈ ಬೆಳೆಗೆ ಹದವಾದ ಮಳೆಯಂತೆ ಒದಗಿತು. ಗಮನಿಸಬೇಕಾದುದೆಂದರೆ, ಹೆಸರು ಸೇರಿಸಲ್ಪಟ್ಟ ಎಷ್ಟೋ ಮಂದಿಗೆ ತಾವು ರೈತರಾದ ಸಂಗತಿ ತಿಳಿದದ್ದೇ ಹಣ ವಾಪಸು ಕೇಳಲು ಅಧಿಕಾರಿಗಳು ಬಂದಾಗ.

ಬೀಜ ಜಿಲ್ಲೆಗಳಲ್ಲಿ ಬಿದ್ದರೂ ಫಸಲಿನ ಲೆಕ್ಕ ಹೊರಬಿದ್ದದ್ದು ಚೆನ್ನೈಯಲ್ಲಿ. 2011ರ ಜನಗಣತಿಯ ಪ್ರಕಾರ ಗ್ರಾಮವಾಸಿಯೊಬ್ಬನೂ ಇಲ್ಲದ ಜಿಲ್ಲೆಯೇ ರಾಜ್ಯದ ಕೃಷಿಗೆ ರಾಜಧಾನಿಯಾಗಿರುವುದು ಪ್ರಸ್ತುತ ಸಿದ್ಧಾಂತಕ್ಕೆ ಬಲವಾದ ಪುರಾವೆ. ಆಗಿನ ಕೃಷಿ ಕಾರ್ಯದರ್ಶಿ ಗಗನ್‌ದೀಪ್ ಸಿಂಗ್ ಬೇಡಿ ಅವರು ಪ್ರಕಟಿಸಿದಂತೆ ಐದು ಲಕ್ಷಕ್ಕೂ ಹೆಚ್ಚು ಅನರ್ಹರ ಖಾತೆಗಳಿಗೆ ಸುಮಾರು 110 ಕೋಟಿ ರೂಪಾಯಿ ಹರಿದಿತ್ತು. ಅನಂತರ ಪೊಲೀಸರ ಸಿಬಿ-ಸಿಐಡಿ ತನಿಖೆ ಎಂಬ ಕೀಟಬಾಧೆ ತಗುಲಿತು. 80 ಮಂದಿ ಸಿಬ್ಬಂದಿ ಕೆಲಸ ಕಳೆದುಕೊಂಡರು.

ಆದರೂ ಈ ವಿದ್ಯೆಯನ್ನು ತಮಿಳರ ಸ್ವತ್ತೆಂದು ಬಗೆಯುವುದು ಸಂಕುಚಿತ ದೃಷ್ಟಿಯಾದೀತು. ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ 1,364 ಕೋಟಿ ಸಂದಿದೆಯೆಂದೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆದಾಯ ತೆರಿಗೆ ಕಟ್ಟುವವರೆಂದೂ ಮಾಹಿತಿ ಹಕ್ಕಿನಡಿ ಕೇಂದ್ರವೇ ತಿಳಿಸಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಹಿಂದೊಮ್ಮೆ ಭತ್ತ ಬೆಳೆಯುತ್ತಿದ್ದ ಜಮೀನಿನ ಮೇಲೆ ಮನೆ ಕಟ್ಟಿಕೊಂಡವರಿಗೂ ಸರ್ಕಾರದ ಭತ್ತದ ಹಣ ಬರುತ್ತಿದ್ದುದನ್ನು ‘ವಾಷಿಂಗ್ಟನ್ ಪೋಸ್ಟ್’ 2006ರಲ್ಲಿ ಬಯಲಿಗೆಳೆದಿತ್ತು. ಅಲ್ಲಿ ಹಿಂದೊಮ್ಮೆಯಾದರೂ ಭತ್ತ ಬೆಳೆದಿರಬೇಕಿತ್ತು. ಆ ಮಟ್ಟಿಗೆ ಅವರ ಶಾಸ್ತ್ರ ಇನ್ನೂ ಅಪಕ್ವ.

ಇಷ್ಟರಿಂದ ರೈತನ ಲಕ್ಷಣವೂ ಸ್ಪಷ್ಟವಾಗುತ್ತದೆ: ಯಾರ ಹೆಸರು ಪಟ್ಟಿಯಲ್ಲಿದೆಯೋ ಅವನು ರೈತ. ತಂಜಾವೂರು ಕಡೆ ದೇವಸ್ಥಾನದ, ಮಠದ ಗದ್ದೆಯನ್ನು ತಲೆಮಾರಿನಿಂದ ಗೇಣಿಗೆ ಉಳುವವನ ಹೆಸರಿನಲ್ಲಿ ಪಟ್ಟಾ, ಅಂದರೆ ಜಮೀನಿನ ಒಡೆತನದ ದಾಖಲೆ, ಇಲ್ಲ. ಆದುದರಿಂದ ನಿಯಮದ ಪ್ರಕಾರ ಅವನಿಗೆ ಒಂದು ಕಂತೂ ಸಲ್ಲುವುದಿಲ್ಲ.