ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವೈಮಾನಿಕ ದೂರದ ಪರಿಪ್ರೇಕ್ಷ್ಯ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಬೆಂಗಳೂರು ಹಾಗೂ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳ ನಡುವಣ ದೂರವನ್ನು ಬಹುಶಿಸ್ತೀಯ ಚೌಕಟ್ಟಿನಲ್ಲಿಟ್ಟು, ಆ ಚೌಕಟ್ಟನ್ನೇ ಸಮಸ್ಯಾತ್ಮಕಗೊಳಿಸುವ ವಿನಮ್ರ ಯತ್ನ. ಇದರ ಕರಡನ್ನು ವಿಚಾರ ಸಂಕಿರಣವೊಂದರ ಮೂರನೆಯ ಗೋಷ್ಠಿಯಲ್ಲಿ, ಊಟವಾದ ಮೇಲೆ, ಮಂಡಿಸಲಾಯಿತು. ಅಧ್ಯಕ್ಷರು ನಿದ್ದೆಯಲ್ಲಿ ಎರಡು ಸಲ ತಲೆದೂಗಿದ್ದನ್ನು ಸಮ್ಮತಿಯೆಂದೇ ದಾಖಲಿಸಲಾಗಿದೆ.

ದೂರವು ಐದು ಬಗೆ.

ಮೊದಲನೆಯದು ಗೋಳೀಯ ದೂರ. ಭೂಮಿಯ ಮೈಮೇಲೆ ದಾರ ಬಿಗಿದೆಳೆದರೆ ಈ ಎರಡು ಊರುಗಳ ನಡುವೆ ಸುಮಾರು 13,990 ಕಿ.ಮೀ. ಲೆಕ್ಕದ ಯಂತ್ರಗಳು ಇಷ್ಟಕ್ಕೆ ತೃಪ್ತಿಪಡದೆ ದಶಮಾಂಶದ ಮುಂದೆ ಇನ್ನೆರಡು ಅಂಕಿ ಜೋಡಿಸುತ್ತವೆ. ಬೆಂಗಳೂರು ನಿಲ್ದಾಣವಿರುವ ದೇವನಹಳ್ಳಿಯ ರನ್‌ವೇ ಒಂದೊಂದೂ 4 ಕಿ.ಮೀ. ಉದ್ದ, ದಾರವನ್ನು ಅದರ ಯಾವ ತುದಿಯಲ್ಲಿ ಹಿಡಿದಿರಿ ಎಂದು ಕೇಳಬಲ್ಲ ವಿದ್ವಾಂಸರು ಇನ್ನೂ ಹುಟ್ಟಬೇಕಿದೆ. ಭೂಮಿಯಾದರೂ ಪೂರ್ತಿ ದುಂಡಗಿಲ್ಲ. ಸಮಭಾಜಕದ ತ್ರಿಜ್ಯಕ್ಕಿಂತ ಧ್ರುವದ ತ್ರಿಜ್ಯ 21 ಕಿ.ಮೀ. ಕಡಿಮೆ. ಈ ನ್ಯೂನತೆಗೆ ಪರಿಹಾರವಾಗಿ 1975ರಲ್ಲಿ ಭೂಮಾಪನ ತಜ್ಞ ವಿನ್ಸೆಂಟಿ ಪ್ರಕಟಿಸಿದ ಸೂತ್ರ ಅರ್ಧ ಮಿಲಿಮೀಟರಿನವರೆಗೂ ತಪ್ಪುವುದಿಲ್ಲ. ವಿಮಾನ ತಪ್ಪಿಸಿಕೊಂಡವರಿಗೆ ಇದು ದೊಡ್ಡ ಸಮಾಧಾನ.

ಎರಡನೆಯದು ವಾಸ್ತವಿಕ ದೂರ. ವಿಮಾನ ಆ ದಾರದ ಮೇಲೆ ಹಾರುವುದೇ ಇಲ್ಲ. ದಾರ ಉತ್ತರಕ್ಕೆ 71 ಡಿಗ್ರಿ ಅಕ್ಷಾಂಶದವರೆಗೆ ಹೋಗಿ ಕೆಳಗಿಳಿಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಈ ಮಾರ್ಗದಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿಳಿಸಿದರು. ಭೂಮಿಯ ನೆತ್ತಿಯ ಮೇಲೆ ಹಾದು ಬಂದರೆ ನಕ್ಷೆಯಲ್ಲಿ 350 ಕಿ.ಮೀ.ಗೂ ಹೆಚ್ಚು ಸುತ್ತು. ಗಾಳಿ ನೋಡಿಕೊಂಡು ಹಾರುವವರಿಗೆ ಸುತ್ತುದಾರಿಯೇ ಹತ್ತಿರವಾಗುವುದುಂಟು. (ನಮ್ಮಲ್ಲಿ ಬಡ್ತಿಯ ದಾರಿಯೂ ಹೀಗೆಯೇ.)

ಮೂರನೆಯದು ಕಾಲಿಕ ದೂರ. 13,990ನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ಹದಿನೈದೂವರೆ ಗಂಟೆ ಎನ್ನುತ್ತದೆ ಯಂತ್ರ. ಆ ಮೊದಲ ಹಾರಾಟವೇ 17 ಗಂಟೆ ದಾಟಿತ್ತು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ಹದಿಮೂರೂವರೆ ಗಂಟೆ ಹಿಂದಿರುವುದರಿಂದ ಮಧ್ಯಾಹ್ನ ಇಲ್ಲಿಂದ ನೇರ ಹಾರಿದರೆ ಅದೇ ಸಂಜೆ ಅಲ್ಲಿ ಇಳಿಯಬಹುದು. ವಿಮಾನ ನಿಲ್ದಾಣದ ದಾರಿಯಲ್ಲಿ ಸಿಗುವ ಹೆಬ್ಬಾಳದ ಮೇಲ್ಸೇತುವೆಯ ವಾಹನದಟ್ಟಣೆಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ; ಅದು ಪ್ರತ್ಯೇಕ ಪಿಎಚ್.ಡಿ.

ನಾಲ್ಕು, ಐದಕ್ಕೂ ಸಂಸ್ಕೃತದಲ್ಲಿ ಭಾರೀ ಹೆಸರು ಹುಡುಕಿಟ್ಟಿದ್ದೆ. ಬಿಡಿ, ಸಾಕು.

ಫ್ರಾಂಕ್‌ಫರ್ಟಿನಲ್ಲೋ ದುಬೈಯಲ್ಲೋ ವಿಮಾನ ಬದಲಿಸಿ ಅಲ್ಲಿಗೆ ಹೋಗುವ ತಾಯಂದಿರಿದ್ದಾರೆ. ಮಗಳ ಬಾಣಂತನಕ್ಕೆಂದು ಹೊರಟವರು. ಅಂಥ ಒಬ್ಬಾಕೆಯದು ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ನಡೆದು ಹೋಗಿ ಬರುವ ಗಟ್ಟಿ ಕಾಲು. ಆದರೂ ಅಳಿಯ ಟಿಕೆಟ್ಟಿನಲ್ಲಿ ವೀಲ್‌ಚೇರ್ ಬರೆಸಿರುತ್ತಾನೆ. ಗೇಟು ಬದಲಾಯಿತೆಂದು ಮೈಕಿನಲ್ಲಿ ಕೂಗಿದ್ದು ಆಕೆಗೆ ತಿಳಿಯುವುದಿಲ್ಲ, ಅದಕ್ಕೆ. ತಳ್ಳಿಕೊಂಡು ಬಂದವನು ಗೋಡೆ ಪಕ್ಕ, ಆಕೆಯಂಥ ಐದಾರು ಅಜ್ಜಿಯರ ಸಾಲಿನಲ್ಲಿ ನಿಲ್ಲಿಸಿ ಹೋಗುತ್ತಾನೆ. ಮಡಿಲಲ್ಲಿ ಪಾಸ್‌ಪೋರ್ಟಿನ ಚೀಲ, ಕೈಯಲ್ಲಿ ಮಗಳ ನಂಬರಿನ ಚೀಟಿ. ಎದ್ದು ಹೋದರೆ ಬಿಟ್ಟುಹೋದಾರೆಂದು ಶೌಚಾಲಯಕ್ಕೂ ಹೋಗದೆ, ಹೋಗಬೇಕಾಗುತ್ತದೆಂದು ನೀರೂ ಕುಡಿಯದೆ, ಗಂಟೆಗಟ್ಟಲೆ ಕೂತಿರುತ್ತಾಳೆ. ‘ಅಮ್ಮಾ, ಹೋಗಿ ಬನ್ನಿ, ಚೀಲ ನಾನು ನೋಡ್ಕೋತೀನಿ’ ಎನ್ನಲು ಅಲ್ಲಿ ಒಬ್ಬರಿಲ್ಲ. ನಾವೋ, ವಲಸೆಯ ಸಂಕಥನ ಅಂತ ಎರಡು ದಿನ ಒದರಿ, ಟಿಎ ಡಿಎ ಬಾಚಿಕೊಂಡು, ಹಾರದ ಗಂಧ ಕೊರಳಲ್ಲಿರುವಾಗಲೇ ಊರಿಗೆ ಬಸ್ಸು ಹತ್ತಿದವರು. ನಾಚಿಕೆಯಾಗಬೇಕು.

ಶೌಚಾಲಯ ಎಲ್ಲಿದೆ, ಗೇಟು ಬದಲಾದರೆ ಯಾರನ್ನು ಕೇಳಬೇಕು, ಈ ಚೀಟಿ ಯಾರಿಗೆ ತೋರಿಸಬೇಕು — ಇಷ್ಟನ್ನು ದಪ್ಪಕ್ಷರದ ಕನ್ನಡದಲ್ಲಿ ಒಂದೇ ಹಾಳೆಗೆ ಅಚ್ಚುಹಾಕಿ ಹಂಚೋಣ, ಸಂಕಿರಣದ ಸಂಪುಟ ಬೇಡ ಎಂದು ಸಮಾರೋಪದಲ್ಲಿ ಕೋರಿದೆ. ಸಂಚಾಲಕರು ಸಹಾನುಭೂತಿಯಿಂದಲೇ ಕೇಳಿಸಿಕೊಂಡು, ಅಂಥ ಹಾಳೆಗೆ ಐಎಸ್‌ಬಿಎನ್ ಸಿಗುತ್ತದೆಯೇ ಎಂದು ವಿಚಾರಿಸಿದರು.